ಕಾರಿನ ತಲೆ ಮೇಲೊಂದು ಪೆಟ್ಟಿಗೆ: ಆರಿಸುವುದು ಹೇಗೆ, ಕೂರಿಸುವುದು ಹೇಗೆ?



ಟೆಕ್ಸಾಸ್‌ನ ನಮ್ಮ ಕನ್ನಡದ ಮನೆಗಳಲ್ಲಿ ಬೇಸಿಗೆ ರಜೆ ಹತ್ತಿರ ಬಂತೆಂದರೆ ಎರಡು ಸಂಗತಿಗಳು ಒಟ್ಟಿಗೇ ನಡೆಯುತ್ತವೆ. ಒಂದು, ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಿಳಿಯುತ್ತಾರೆ. ಇನ್ನೊಂದು, ಅವರನ್ನು ಕೂರಿಸಿಕೊಂಡು ಎಲ್ಲಾದರೂ ಹೋಗಿಬರುವ ಯೋಜನೆ ಶುರುವಾಗುತ್ತದೆ. ಡಲ್ಲಾಸ್‌ನವರು ಹ್ಯೂಸ್ಟನ್ ಹತ್ತಿರದ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ, ಹ್ಯೂಸ್ಟನ್‌ನವರು ಆಸ್ಟಿನ್ ಕಡೆಯ ಗುಡ್ಡಗಾಡಿಗೆ, ಆಸ್ಟಿನ್‌ನವರು ಡಲ್ಲಾಸ್‌ನ ನೆಂಟರ ಮನೆಗೆ. ಸ್ವಲ್ಪ ಧೈರ್ಯ ಇರುವವರು ಬಿಗ್ ಬೆಂಡ್, ಕಾರ್ಲ್ಸ್‌ಬಾಡ್ ಗುಹೆ, ಕೊಲರಾಡೊ ಎಂದು ಇನ್ನೂ ದೂರ ಹೊರಡುತ್ತಾರೆ.

ಸಮಸ್ಯೆ ಶುರುವಾಗುವುದು ಹೊರಡುವ ದಿನ ಬೆಳಿಗ್ಗೆ. ಏಳು ಸೀಟಿನ ವ್ಯಾನ್ ಎಂದು ಕೊಂಡದ್ದೇನೋ ನಿಜ. ಆದರೆ ಏಳು ಸೀಟೂ ತುಂಬಿದರೆ ಹಿಂದೆ ಡಿಕ್ಕಿಯಲ್ಲಿ ಉಳಿಯುವ ಜಾಗ ಎಷ್ಟು? ಅಜ್ಜಿಯ ಬೆನ್ನಿಗೆ ದಿಂಬು, ಮಕ್ಕಳ ಬೂಸ್ಟರ್ ಸೀಟು, ಸ್ಟ್ರೋಲರ್, ಕುಕ್ಕರ್, ಅಕ್ಕಿ, ಚಟ್ನಿಪುಡಿ, ಎಲ್ಲವೂ ಬರಲೇಬೇಕು! ಕೊನೆಗೆ ಸಾಮಾನು ಮೂರನೇ ಸೀಟಿನ ಬೆನ್ನಿಗಿಂತ ಮೇಲೆ ಏರುತ್ತದೆ, ಡ್ರೈವರಿಗೆ ಹಿಂದಿನ ಗಾಜಿನಲ್ಲಿ ರಸ್ತೆ ಕಾಣುವುದಿಲ್ಲ, ಜೋರಾಗಿ ಬ್ರೇಕ್ ಹಾಕಿದರೆ ಕುಕ್ಕರ್ ಹಾರಿ ಬರುವುದು ಮೂರನೇ ಸಾಲಿನಲ್ಲಿ ಕೂತ ಮಗುವಿನ ತಲೆಯ ಕಡೆಗೆ. ಇದು ನಗುವ ಮಾತಲ್ಲ.

ಇದಕ್ಕೆ ಒಂದು ಪರಿಹಾರ ಕಾರಿನ ಮೇಲೆ ಕೂರಿಸುವ ಕಾರ್ಗೋ ಬಾಕ್ಸ್. ಹಲವು ವರ್ಷಗಳಿಂದ ನಾನು ಇದನ್ನು ಬಳಸುತ್ತಿದ್ದೇನೆ. ವೃತ್ತಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆದ್ದರಿಂದ ಇದರ ಲೆಕ್ಕಾಚಾರದಲ್ಲಿ ಸ್ವಲ್ಪ ಹೆಚ್ಚೇ ಆಸಕ್ತಿ. ನಮ್ಮ ಸಂಘದ ಪಿಕ್ನಿಕ್ಕುಗಳಲ್ಲಿ ಹಲವರು ಕೇಳಿದ ಪ್ರಶ್ನೆಗಳನ್ನು ಒಟ್ಟುಮಾಡಿ, ಪಾಠದ ರೂಪದಲ್ಲಿ ಇಲ್ಲಿ ಬರೆದಿದ್ದೇನೆ.

೧. ಅಂಬಾಸಿಡರ್ ಕ್ಯಾರಿಯರ್‌ಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮಲ್ಲಿ ಅನೇಕರಿಗೆ ಅಂಬಾಸಿಡರ್ ಕಾರಿನ ಮೇಲಿನ ಕಬ್ಬಿಣದ ಕ್ಯಾರಿಯರ್ ನೆನಪಿರಬಹುದು. ಹಾಸಿಗೆ, ಟ್ರಂಕು, ತೆಂಗಿನಕಾಯಿ ಮೂಟೆ ಎಲ್ಲವನ್ನೂ ಮೇಲೆ ಹೇರಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದರೆ ಆಯಿತು, ಧರ್ಮಸ್ಥಳಕ್ಕೆ ಸವಾರಿ. ಆ ಕಾರುಗಳ ರೂಫಿನ ಎರಡೂ ಅಂಚಿನಲ್ಲಿ ಮಳೆನೀರು ಹರಿಯುವ ಒಂದು ಕಾಲುವೆ ಇರುತ್ತಿತ್ತು. ಕ್ಯಾರಿಯರ್‌ನ ಕಾಲುಗಳನ್ನು ಆ ಅಂಚಿಗೇ ಸಿಕ್ಕಿಸಿ ಬಿಗಿಯುತ್ತಿದ್ದರು. ಯಾವ ಕ್ಯಾರಿಯರ್ ಆದರೂ ಸರಿ, ಹೆಚ್ಚುಕಡಿಮೆ ಹೊಂದಿಕೊಳ್ಳುತ್ತಿತ್ತು.

ಇಂದಿನ ಕಾರುಗಳಲ್ಲಿ ಆ ಕಾಲುವೆ ಇಲ್ಲ. ಆದ್ದರಿಂದ ಪ್ರತಿ ಮಾಡೆಲ್ಲಿಗೂ ಬೇರೆ ಬೇರೆ ಬಗೆಯ ಹಿಡಿತ ಬೇಕು. ಇನ್ನೊಂದು ವ್ಯತ್ಯಾಸ ವೇಗ. ಘಾಟಿ ರಸ್ತೆಯಲ್ಲಿ ಗಂಟೆಗೆ 30-40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಅಂಬಾಸಿಡರ್‌ಗೂ, ಐ-45ರಲ್ಲಿ ಗಂಟೆಗೆ 75 ಮೈಲಿ ಓಡುವ ವ್ಯಾನಿಗೂ ಗಾಳಿಯ ಲೆಕ್ಕವೇ ಬೇರೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60 ಮೈಲಿಯಿಂದ 75ಕ್ಕೆ ಹೋದರೆ ವೇಗ ಹೆಚ್ಚುವುದು ಕಾಲು ಭಾಗ ಮಾತ್ರ, ಆದರೆ ಗಾಳಿಯ ಎಳೆತ ಹೆಚ್ಚುವುದು ಅರ್ಧಕ್ಕಿಂತ ಜಾಸ್ತಿ. ಹಗ್ಗ-ಟಾರ್ಪಾಲಿನ ವಿದ್ಯೆ ಇಲ್ಲಿ ನಡೆಯುವುದಿಲ್ಲ.

೨. ಮೊದಲು ತೂಕದ ಲೆಕ್ಕ, ಆಮೇಲೆ ಅಂಗಡಿ

ಹೆಚ್ಚಿನವರು ಮೊದಲು ನೋಡುವುದು ಬಾಕ್ಸ್ ಎಷ್ಟು ದೊಡ್ಡದು ಎಂದು. ನನ್ನ ಸಲಹೆ, ಮೊದಲು ಕಾರಿನ ಓನರ್ಸ್ ಮ್ಯಾನ್ಯುಅಲ್ ತೆಗೆಯಿರಿ. ಅದರಲ್ಲಿ ರೂಫ್ ಎಷ್ಟು ತೂಕ ಹೊರಬಹುದು ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಇದು 100ರಿಂದ 165 ಪೌಂಡಿನ ಆಸುಪಾಸಿನಲ್ಲಿ ಇರುತ್ತದೆ, ಕೆಲವು ದೊಡ್ಡ ಎಸ್‌ಯುವಿಗಳಲ್ಲಿ ಹೆಚ್ಚು. ಇದು ಕಾರು ಓಡುತ್ತಿರುವಾಗಿನ ಮಿತಿ. ತಿರುವು, ಬ್ರೇಕು, ಹಳ್ಳದಲ್ಲಿ ಬೀಳುವ ಪೆಟ್ಟು ಎಲ್ಲವನ್ನೂ ಗಮನದಲ್ಲಿಟ್ಟು ಕೊಟ್ಟದ್ದು. ನಿಂತ ಕಾರಿನ ರೂಫ್ ಇದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತದೆ, ಆದರೆ ನಾವು ಕಾರನ್ನು ನಿಲ್ಲಿಸಿಟ್ಟುಕೊಳ್ಳಲು ಬಾಕ್ಸ್ ಕೊಳ್ಳುತ್ತಿಲ್ಲವಲ್ಲ!

ಈಗ ಒಂದು ಉದಾಹರಣೆ. ರೂಫಿನ ಮಿತಿ 150 ಪೌಂಡ್ ಎಂದುಕೊಳ್ಳಿ. ಅಡ್ಡಪಟ್ಟಿಗಳು, ಅಂದರೆ ಕ್ರಾಸ್ ಬಾರ್‌ಗಳು, ಅವುಗಳ ಕಾಲುಗಳ ಸಮೇತ 15 ಪೌಂಡ್. ಖಾಲಿ ಬಾಕ್ಸ್ 50 ಪೌಂಡ್. ಎರಡನ್ನೂ ಕಳೆದರೆ ಸಾಮಾನಿಗೆ ಉಳಿಯುವುದು 85 ಪೌಂಡ್. ಅಷ್ಟೇ! ನಾವು ಇಂಡಿಯಾಕ್ಕೆ ಹೋಗುವಾಗ ತುಂಬುವ ಸೂಟ್‌ಕೇಸ್ ಒಂದಕ್ಕೆ 50 ಪೌಂಡ್. ಅಂಥ ಎರಡು ಸೂಟ್‌ಕೇಸನ್ನು ಮೇಲೆ ಇಟ್ಟರೆ ಮಿತಿ ಮೀರಿತು.

ಇಷ್ಟಕ್ಕೇ ಮುಗಿಯಲಿಲ್ಲ. ಬಾಕ್ಸಿಗೆ ಅದರದೇ ಮಿತಿ ಇದೆ, ಹಲವಕ್ಕೆ 110 ಅಥವಾ 165 ಪೌಂಡ್. ಬಾರ್‌ಗಳಿಗೂ ಒಂದು ಮಿತಿ ಇದೆ. ಕಾರು, ಬಾರ್, ಬಾಕ್ಸ್, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಬಾಕ್ಸಿನ ಮೇಲೆ 165 ಎಂದು ಬರೆದಿದೆ ಎಂದು ಅಷ್ಟನ್ನೂ ತುಂಬಿದರೆ ರೂಫ್ ಕೇಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ, ಆದರೆ ಯಾರೂ ನೋಡದ ಅಂಕಿಯೊಂದಿದೆ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನಲ್ಲಿ ಟೈರಿನ ವಿವರದ ಸ್ಟಿಕರ್ ಕಾಣುತ್ತದೆ. ಜನ ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಒಂದು ವ್ಯಾನಿನಲ್ಲಿ ಅದು 1,240 ಪೌಂಡ್ ಇದೆ ಎನ್ನೋಣ. ನಾಲ್ಕು ಜನ ದೊಡ್ಡವರು ತಲಾ 160ರಂತೆ 640, ಮಕ್ಕಳಿಬ್ಬರೂ ಸೇರಿ 150. ಒಟ್ಟು 790. ಉಳಿದದ್ದು 450. ಬಾರ್ ಮತ್ತು ಬಾಕ್ಸಿನ 65 ಕಳೆದರೆ 385. ಮೇಲಿನದೂ ಒಳಗಿನದೂ ಸೇರಿ ಎಲ್ಲ ಸಾಮಾನು, ಕೂಲರಿನ ನೀರಿನ ಬಾಟಲಿಯೂ ಸೇರಿದಂತೆ, ಇದರೊಳಗೆ ಇರಬೇಕು. ಬಾಕ್ಸ್ ಬಂದರೆ ಜಾಗ ಹೆಚ್ಚುತ್ತದೆಯೇ ಹೊರತು ಕಾರಿನ ಶಕ್ತಿ ಹೆಚ್ಚುವುದಿಲ್ಲ. ಜುಲೈ ತಿಂಗಳ ಮಧ್ಯಾಹ್ನ ಕಾದ ರಸ್ತೆಯ ಮೇಲೆ, ಗಾಳಿ ಕಡಿಮೆಯಿರುವ ಟೈರಿನಲ್ಲಿ, ಮಿತಿಮೀರಿದ ತೂಕ ಹೊತ್ತು ಓಡುವುದು ಟೈರ್ ಒಡೆಯುವುದಕ್ಕೆ ಕೊಟ್ಟ ಆಹ್ವಾನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ರೂಫ್ ಇದ್ದಷ್ಟು ಸಾಮಾನು ಹೇರು ಎಂದು ಓದಿಕೊಳ್ಳಬಹುದು.

೩. ಎತ್ತರದ ಲೆಕ್ಕ

ನಮ್ಮ ಮನೆಗಳ ಗ್ಯಾರೇಜ್ ಬಾಗಿಲಿನ ಸಾಮಾನ್ಯ ಎತ್ತರ 7 ಅಡಿ, ಅಂದರೆ 84 ಇಂಚು. ಮಿನಿವ್ಯಾನಿನ ಎತ್ತರ 69 ಇಂಚು, ಬಾರ್ 4 ಇಂಚು, ಬಾಕ್ಸ್ 17 ಇಂಚು ಎಂದರೆ ಒಟ್ಟು 90 ಇಂಚು. ಆರು ಇಂಚು ಹೆಚ್ಚಾಯಿತು! ಅಂದರೆ ಬಾಕ್ಸ್ ಇರುವಷ್ಟು ದಿನ ವ್ಯಾನ್ ಡ್ರೈವ್‌ವೇಯಲ್ಲೇ. ಸೆಡಾನ್ ಇರುವವರಿಗೆ ಈ ತೊಂದರೆ ಇಲ್ಲ.

ಅಪಾಯ ಇರುವುದು ಮರಳಿ ಬಂದ ರಾತ್ರಿ. ಎಂಟು ದಿನ ಸುತ್ತಾಡಿ, ಹಿಂದೆ ಮಕ್ಕಳು ಮಲಗಿರುವಾಗ, ಅಭ್ಯಾಸಬಲದಿಂದ ಕೈ ರಿಮೋಟ್ ಒತ್ತುತ್ತದೆ, ಗ್ಯಾರೇಜ್ ಬಾಗಿಲು ಏಳುತ್ತದೆ... ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಬಾಕ್ಸ್ ಏರಿಸಿದ ದಿನವೇ ಗ್ಯಾರೇಜಿನ ರಿಮೋಟನ್ನು ಕಾರಿನಿಂದ ತೆಗೆದು ನನ್ನ ಹೆಂಡತಿಯ ವ್ಯಾನಿಟಿ ಬ್ಯಾಗಿಗೆ ಸೇರಿಸುತ್ತೇವೆ. ಕಾರಿನಲ್ಲೇ ಬಟನ್ ಇರುವವರು ಅದರ ಮೇಲೆ ಒಂದು ಟೇಪ್ ಅಂಟಿಸಿ. ಸ್ಪೀಡೋಮೀಟರ್ ಪಕ್ಕದಲ್ಲಿ "ಎತ್ತರ 7 ಅಡಿ 6 ಇಂಚು" ಎಂದು ಒಂದು ಚೀಟಿ ಕೂಡ ಇರಲಿ.

ಆಸ್ಟಿನ್ ಮತ್ತು ಹ್ಯೂಸ್ಟನ್ ಡೌನ್‌ಟೌನುಗಳ ಪಾರ್ಕಿಂಗ್ ಗ್ಯಾರೇಜುಗಳಲ್ಲಿ, ಏರ್‌ಪೋರ್ಟಿನಲ್ಲಿ, ಆಸ್ಪತ್ರೆಗಳಲ್ಲಿ ಬಾಗಿಲಿನ ಮೇಲೆ ಎತ್ತರದ ಮಿತಿ ಬರೆದಿರುತ್ತದೆ. ಆಸ್ಟಿನ್‌ನ ಒಂದು ಹೋಟೆಲಿನ ಮುಂದೆ ನಾನು ಕಂಡದ್ದು: ಬಾಕ್ಸ್ ಹೊತ್ತ ಒಂದು ವ್ಯಾನ್ ಗ್ಯಾರೇಜಿನ ಇಳಿಜಾರಿನಲ್ಲಿ ಸಿಕ್ಕಿಕೊಂಡಿದೆ, ಮುಂದೆ ಹೋದರೆ ತೊಲೆ ತಗುಲುತ್ತದೆ, ಹಿಂದೆ ಆರು ಕಾರು ಸಾಲುಗಟ್ಟಿವೆ. ಆರೂ ಕಾರುಗಳನ್ನು ಒಂದೊಂದಾಗಿ ಹಿಂದಕ್ಕೆ ಕಳಿಸಲು ಅರ್ಧ ಗಂಟೆ ಹಿಡಿಯಿತು. ಹೋಟೆಲ್ ಬುಕ್ ಮಾಡುವಾಗಲೇ ಫೋನ್ ಮಾಡಿ, ತೆರೆದ ಜಾಗದಲ್ಲಿ ಪಾರ್ಕಿಂಗ್ ಇದೆಯೇ ಎಂದು ಕೇಳುವುದು ಒಳ್ಳೆಯದು.

೪. ಯಾವುದನ್ನು ಕೊಳ್ಳಬೇಕು?

ಸ್ವೀಡನ್ನಿನ ಥೂಲೆ, ಅಮೆರಿಕದ ಯಾಕಿಮಾ ಇವು ಹೆಸರಾಂತ ಕಂಪನಿಗಳು. ಇನ್ನೂ ಹಲವು ಇವೆ. ಗಟ್ಟಿ ಬಾಕ್ಸಿನ ಬೆಲೆ ಸುಮಾರು 500 ಡಾಲರಿನಿಂದ ಸಾವಿರ ದಾಟುವವರೆಗೂ ಇದೆ. ಬಾರ್‌ಗಳು ಬೇರೆ. ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಇವು.

ಗಾತ್ರ: ಬಾಕ್ಸುಗಳನ್ನು ಘನ ಅಡಿಯಲ್ಲಿ ಅಳೆಯುತ್ತಾರೆ. 12, 16, 18, 21 ಹೀಗೆ. 16 ಘನ ಅಡಿ ಎಂದರೆ ಸುಮಾರು 450 ಲೀಟರ್, ನಾಲ್ಕರಿಂದ ಆರು ಜನರ ಸಂಸಾರಕ್ಕೆ ಧಾರಾಳ. ದೊಡ್ಡ ಬಾಕ್ಸ್ ಇದ್ದರೆ ತುಂಬುವ ಆಸೆಯೂ ದೊಡ್ಡದಾಗುತ್ತದೆ, 85 ಪೌಂಡಿನ ಲೆಕ್ಕ ಮರೆತುಹೋಗುತ್ತದೆ.

ಉದ್ದ: ವ್ಯಾನ್ ಅಥವಾ ಎಸ್‌ಯುವಿಯ ಹಿಂಬಾಗಿಲು ಮೇಲಕ್ಕೆ ತೆರೆಯುತ್ತದೆ. ಅದನ್ನು ಪೂರ್ತಿ ಎತ್ತಿ, ಅದು ರೂಫಿನ ಅಂಚಿನಿಂದ ಎಷ್ಟು ಮುಂದೆ ಬರುತ್ತದೆ ಎಂದು ಟೇಪಿನಲ್ಲಿ ಅಳೆದುಕೊಳ್ಳಿ. ಬಾಕ್ಸ್ ಬಹಳ ಉದ್ದವಾದರೆ ಬಾಗಿಲು ಅದಕ್ಕೆ ಬಡಿಯುತ್ತದೆ. ಬಟನ್ ಒತ್ತಿದರೆ ತಾನೇ ಏಳುವ ಬಾಗಿಲಾದರೆ ಇನ್ನೂ ಎಚ್ಚರ.

ತೆರೆಯುವ ಬಗೆ: ಎರಡೂ ಕಡೆಯಿಂದ ತೆರೆಯುವ ಬಾಕ್ಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಸಾರ್ಥಕ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬೇಕಾಗಿ ಬಂದಾಗ ಟ್ರಾಫಿಕ್ ಇಲ್ಲದ ಬದಿಯಿಂದಲೇ ತೆರೆಯಬಹುದು. ಜೀವ ಉಳಿಸುವ ಸೌಲಭ್ಯ ಇದು.

ರೂಫಿನ ಬಗೆ: ಕೆಲವು ಕಾರಿಗೆ ಉದ್ದಕ್ಕೂ ಎತ್ತರಿಸಿದ ರೇಲಿಂಗ್ ಇರುತ್ತದೆ, ಕೆಲವಕ್ಕೆ ರೂಫಿಗೆ ಅಂಟಿಕೊಂಡ ರೇಲಿಂಗ್, ಕೆಲವಕ್ಕೆ ಮುಚ್ಚಳದಡಿ ಅಡಗಿದ ಬೋಲ್ಟಿನ ಜಾಗ, ಕೆಲವು ಪೂರಾ ಬೋಳು. ಒಂದೊಂದಕ್ಕೂ ಬಾರಿನ ಕಾಲು ಬೇರೆ. ಕಂಪನಿಯ ಫಿಟ್ ಗೈಡಿನಲ್ಲಿ ನಿಮ್ಮ ಕಾರಿನ ವರ್ಷ, ಮಾಡೆಲ್ ಕೊಟ್ಟು ನೋಡಿಯೇ ಕೊಳ್ಳಿ. ಗಾಜಿನ ರೂಫ್ ಇರುವವರು ಮ್ಯಾನ್ಯುಅಲ್ ಎರಡು ಸಲ ಓದಿ.

ಬಟ್ಟೆಯ ಚೀಲದಂಥ ಮೆತ್ತನೆಯ ಬ್ಯಾಗುಗಳೂ ಇವೆ, ಬೆಲೆ ಬಹಳ ಕಡಿಮೆ. ವರ್ಷಕ್ಕೊಮ್ಮೆ ಹೋಗುವವರಿಗೆ ಸಾಕು. ಆದರೆ ಬೀಗ ಭದ್ರವಲ್ಲ, ಜೋರು ಮಳೆಗೆ ಜಿಪ್ಪಿನಿಂದ ನೀರು ಇಳಿಯಬಹುದು. ಆದ್ದರಿಂದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ.

ಕಾರಿಗೆ ಹಿಚ್ ಇದ್ದರೆ ಹಿಂಬದಿಗೆ ಸಿಕ್ಕಿಸುವ ಪೆಟ್ಟಿಗೆಯನ್ನೂ ಯೋಚಿಸಿ. ಸೊಂಟದ ಎತ್ತರದಲ್ಲಿ ಇರುವುದರಿಂದ ಭಾರ ಎತ್ತುವ ಕಷ್ಟವಿಲ್ಲ, ಗ್ಯಾಸೂ ಉಳಿಯುತ್ತದೆ. ಆದರೆ ನಂಬರ್ ಪ್ಲೇಟು, ಹಿಂದಿನ ದೀಪ, ಕ್ಯಾಮೆರಾ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಪ್ಲೇಟ್ ಮುಚ್ಚುವುದು ಟೆಕ್ಸಾಸ್‌ನಲ್ಲಿ ಕಾನೂನಿಗೆ ವಿರುದ್ಧ.

೫. ಕೂರಿಸುವ ವಿಧಾನ

ಒಬ್ಬರೇ ಮಾಡುವ ಕೆಲಸ ಇದಲ್ಲ. ಪಕ್ಕದ ಮನೆಯವರನ್ನು ಕಾಫಿಗೆ ಕರೆಯಿರಿ! ಬೆಳಗಿನ ತಂಪಿನಲ್ಲೇ ಮುಗಿಸಿ. ಮಧ್ಯಾಹ್ನ ಕಾರಿನ ರೂಫ್ ದೋಸೆ ಹಂಚಿನಂತೆ ಕಾದಿರುತ್ತದೆ.

ಮೊದಲು ಬಾರ್ ಕೂರುವ ಜಾಗವನ್ನು ಒರೆಸಿ. ಧೂಳು, ಮರಳು ಉಳಿದರೆ ಬಣ್ಣ ಕೆರೆಯುತ್ತದೆ, ಹಿಡಿತವೂ ಜಾರುತ್ತದೆ. ಎರಡು ಬಾರ್‌ಗಳ ನಡುವಿನ ಅಂತರ ಕಾರು ಮತ್ತು ಬಾಕ್ಸ್ ಎರಡರ ಮ್ಯಾನ್ಯುಅಲ್‌ಗೂ ಹೊಂದಬೇಕು. ಬಾರ್‌ಗಳು ಒಂದಕ್ಕೊಂದು ಸಮಾನಾಂತರವಾಗಿರಲಿ. ಎಡಬಲ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ.

ನಂತರ ಖಾಲಿ ಬಾಕ್ಸನ್ನು ಇಬ್ಬರು ಎತ್ತಿ ಬಾರ್‌ಗಳ ಮೇಲಿಡಿ. ಚೂಪಾದ ತುದಿ ಮುಂದಕ್ಕೆ. ಹಿಂಬಾಗಿಲನ್ನು ಕೈಯಲ್ಲಿ ನಿಧಾನವಾಗಿ ಎತ್ತಿಸಿ ನೋಡಿ, ತಗುಲಿದರೆ ಬಾಕ್ಸನ್ನು ಮುಂದಕ್ಕೆ ಸರಿಸಿ. ಆಂಟೆನಾಗೂ ತಗುಲಬಾರದು. ಬಾಕ್ಸ್ ನೇರವಾಗಿದೆಯೇ ಎಂದು ಕಾರಿನ ಮುಂದೆ ನಿಂತು ನೋಡಿ.

ಆಮೇಲೆ ಒಳಗಿನ ಕ್ಲಾಂಪುಗಳು. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಬಾರನ್ನು ಕೆಳಗಿನಿಂದ ಅಪ್ಪಿ ಹಿಡಿಯುತ್ತವೆ. ಒಂದನ್ನೇ ಪೂರ್ತಿ ಬಿಗಿಯಬೇಡಿ. ನಾಲ್ಕನ್ನೂ ಸ್ವಲ್ಪ ಸ್ವಲ್ಪ ಬಿಗಿದು, ಕೊನೆಗೆ ಪೂರ್ತಿ ಮಾಡಿ. ಕೆಲವು ಬಾಕ್ಸುಗಳಲ್ಲಿ ಬಿಗಿ ಸಾಕಾದಾಗ ಟಕ್ ಎಂಬ ಸದ್ದು ಬರುತ್ತದೆ. ಅದಕ್ಕಿಂತ ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಸೀಳಬಹುದು.

ಈಗ ಪರೀಕ್ಷೆ. ಬಾಕ್ಸನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿ. ಇಡೀ ಕಾರು ಅಲುಗಾಡಬೇಕು, ಬಾಕ್ಸ್ ಮಾತ್ರ ಬಾರಿನ ಮೇಲೆ ಸರಿಯಬಾರದು. ಸರಿದರೆ ಕ್ಲಾಂಪ್ ಕೂತಿಲ್ಲ ಎಂದೇ ಅರ್ಥ. ಹೆದ್ದಾರಿಯಲ್ಲಿ ಬಾಕ್ಸ್ ಕಳಚಿದರೆ ಅದು ನಮ್ಮ ನಷ್ಟ ಮಾತ್ರವಲ್ಲ, ಹಿಂದೆ ಬರುತ್ತಿರುವ ಇನ್ನೊಂದು ಸಂಸಾರದ ವಿಂಡ್‌ಶೀಲ್ಡಿಗೆ ಅದು ಬಂದು ಬೀಳುತ್ತದೆ. ಈ ಒಂದು ನಿಮಿಷದ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

೬. ತುಂಬುವ ಕಲೆ

ಸೂತ್ರ ಸರಳ: ಭಾರದ್ದು ಕಾರಿನೊಳಗೆ ಕೆಳಗೆ, ಹಗುರವಾಗಿ ಉಬ್ಬಿದ್ದು ಮೇಲೆ. ಅಕ್ಕಿ, ಕುಕ್ಕರ್, ನೀರು, ಇಡ್ಲಿ ಹಿಟ್ಟಿನ ಡಬ್ಬಿ ಇವೆಲ್ಲ ಡಿಕ್ಕಿಯ ತಳಕ್ಕೆ. ದಿಂಬು, ಹೊದಿಕೆ, ಬಟ್ಟೆಯ ಚೀಲ, ಚಪ್ಪಲಿ-ಶೂ, ಮಡಿಸುವ ಕುರ್ಚಿ ಮೇಲಕ್ಕೆ. ತೂಕ ಎತ್ತರಕ್ಕೆ ಹೋದಷ್ಟೂ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಬ್ರೇಕ್ ಹಾಕಿದಾಗ ಹೆಚ್ಚು ಮುಗ್ಗರಿಸುತ್ತದೆ.

ಬಾಕ್ಸಿನೊಳಗೂ ಕ್ರಮವಿದೆ. ಸ್ವಲ್ಪ ಭಾರದ್ದು ಎರಡು ಬಾರ್‌ಗಳ ನಡುವೆ, ಹಗುರವಾದದ್ದು ಮುಂದಿನ ಮತ್ತು ಹಿಂದಿನ ಮೂಲೆಗೆ. ಗಟ್ಟಿ ಸೂಟ್‌ಕೇಸಿಗಿಂತ ಮೆತ್ತನೆಯ ಚೀಲ ಲೇಸು, ಮೂಲೆಗೂ ಹೊಂದಿಕೊಳ್ಳುತ್ತದೆ. ಒಳಗಿನ ಪಟ್ಟಿಗಳನ್ನು ಕಟ್ಟಲೇಬೇಕು. ಬಾತ್‌ರೂಮ್ ಸ್ಕೇಲಿನ ಮೇಲೆ ಒಂದೊಂದೇ ಚೀಲ ಇಟ್ಟು ತೂಗಿ ಬರೆದುಕೊಳ್ಳುವ ಕೆಲಸವನ್ನು ಮಕ್ಕಳಿಗೆ ಕೊಡಿ, ಖುಷಿಯಿಂದ ಮಾಡುತ್ತಾರೆ, ಕನ್ನಡದ ಅಂಕಿಗಳೂ ಬಾಯಿಗೆ ಬರುತ್ತವೆ!

ನಾಟಕ, ಯಕ್ಷಗಾನದ ತಂಡಗಳಿಗಂತೂ ಈ ಬಾಕ್ಸ್ ವರದಾನ. ಕಿರೀಟ, ಭುಜಕೀರ್ತಿ, ಪರದೆ ಇವೆಲ್ಲ ತೂಕವಿಲ್ಲದೆ ಜಾಗ ನುಂಗುವ ವಸ್ತುಗಳು. 2018ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಅಕ್ಕ ಸಮ್ಮೇಳನದಂಥ ಸಂದರ್ಭಗಳಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ವೇಷಭೂಷಣ ಸಾಗಿಸುವವರಿಗೆ ಇದಕ್ಕಿಂತ ಸೂಕ್ತ ಜಾಗ ಇಲ್ಲ.

ಟೆಕ್ಸಾಸ್ ಬಿಸಿಲಿನಲ್ಲಿ ಕಪ್ಪು ಬಾಕ್ಸಿನ ಒಳಗೆ ಒಲೆಯೊಳಗಿನ ಸೆಕೆ. ಅಪ್ಪ-ಅಮ್ಮನ ಬಿಪಿ ಮಾತ್ರೆ, ಇನ್ಸುಲಿನ್, ಲ್ಯಾಪ್‌ಟಾಪ್, ಫೋನಿನ ಪವರ್ ಬ್ಯಾಂಕ್, ತುಪ್ಪ, ಸಿಹಿತಿಂಡಿ ಯಾವುದನ್ನೂ ಮೇಲಿಡಬೇಡಿ. ಪಾಸ್‌ಪೋರ್ಟ್, ಒಡವೆ ಸಹ ಬೇಡ. ಬೀಗ ಇರುವುದು ಕಳ್ಳನನ್ನು ತಡೆಯಲು ಅಲ್ಲ, ತಡ ಮಾಡಲು.

೭. ರಸ್ತೆಯಲ್ಲಿ

ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಸುಮಾರು 240 ಮೈಲಿ, ಡಲ್ಲಾಸ್‌ನಿಂದ ಆಸ್ಟಿನ್‌ಗೆ 195, ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ 165. ಹೊರಟು ಮೊದಲ 30-40 ಮೈಲಿಗೆ ಒಮ್ಮೆ ನಿಲ್ಲಿಸಿ ಕ್ಲಾಂಪ್ ಮುಟ್ಟಿ ನೋಡಬೇಕು. ಡಲ್ಲಾಸ್‌ನಿಂದ ಐ-45ರಲ್ಲಿ ಹೊರಟವರಿಗೆ ಎನ್ನಿಸ್‌ನ ಬಕೀಸ್, ಆಸ್ಟಿನ್‌ನಿಂದ 71ರಲ್ಲಿ ಹೊರಟವರಿಗೆ ಬ್ಯಾಸ್ಟ್ರಪ್‌ನ ಬಕೀಸ್, ಹ್ಯೂಸ್ಟನ್‌ನಿಂದ 290ರಲ್ಲಿ ಹೊರಟವರಿಗೆ ವಾಲರ್‌ನ ಬಕೀಸ್ ಸರಿಯಾದ ದೂರದಲ್ಲಿವೆ. ಮಕ್ಕಳು ಬಾತ್‌ರೂಮಿಗೆ ಹೋಗಿಬರುವಷ್ಟರಲ್ಲಿ ನಿಮ್ಮ ತಪಾಸಣೆ ಮುಗಿದಿರುತ್ತದೆ.

ವೇಗದ ಬಗ್ಗೆ ಒಂದು ಮಾತು. ಆಸ್ಟಿನ್‌ನ ದಕ್ಷಿಣಕ್ಕೆ ಸೆಗೀನ್ ಕಡೆ ಹೋಗುವ ಸ್ಟೇಟ್ ಹೈವೇ 130ರಲ್ಲಿ ಗಂಟೆಗೆ 85 ಮೈಲಿ ಮಿತಿ ಇದೆ, ಇಡೀ ಅಮೆರಿಕದಲ್ಲೇ ಅತಿ ಹೆಚ್ಚು. ಆದರೆ ಥೂಲೆ ಕಂಪನಿಯ ಮ್ಯಾನ್ಯುಅಲ್ ತನ್ನ ಬಾಕ್ಸಿಗೆ ಕೊಡುವ ಮಿತಿ ಗಂಟೆಗೆ 130 ಕಿಲೋಮೀಟರ್, ಅಂದರೆ ಸುಮಾರು 80 ಮೈಲಿ. ರಸ್ತೆ ಒಪ್ಪಿದರೂ ಬಾಕ್ಸ್ ಒಪ್ಪಬೇಕಲ್ಲ! ನಾನಂತೂ 65-70 ದಾಟುವುದಿಲ್ಲ. ದೊಡ್ಡ ಟ್ರಕ್ಕುಗಳನ್ನು ದಾಟುವಾಗ, ಅಡ್ಡಗಾಳಿ ಬೀಸುವಾಗ ಸ್ಟಿಯರಿಂಗ್ ಎರಡೂ ಕೈಯಲ್ಲಿ ಇರಲಿ. ಮುಂದಿನ ಕಾರಿನಿಂದ ಎಂದಿಗಿಂತ ಹೆಚ್ಚು ದೂರ ಬಿಡಿ.

ಗ್ಯಾಸಿನ ಖರ್ಚು? ಸರ್ಕಾರದ ಇಂಧನ ಮಾಹಿತಿ ಪ್ರಕಾರ ದೊಡ್ಡ ಮೊಂಡು ಬಾಕ್ಸಿನಿಂದ ಮೈಲೇಜು ಊರೊಳಗೆ ಶೇಕಡ 2ರಿಂದ 8, ಹೆದ್ದಾರಿಯಲ್ಲಿ 6ರಿಂದ 17, ಇಂಟರ್‌ಸ್ಟೇಟಿನ 65-75 ಮೈಲಿ ವೇಗದಲ್ಲಿ 10ರಿಂದ 25ರಷ್ಟು ಇಳಿಯಬಹುದು. ಹಿಂಬದಿಯ ಪೆಟ್ಟಿಗೆಯಾದರೆ ಹೆದ್ದಾರಿಯಲ್ಲಿ 1ರಿಂದ 5 ಮಾತ್ರ. ಗ್ಯಾಲನ್ನಿಗೆ 24 ಮೈಲಿ ಕೊಡುವ ವ್ಯಾನ್ ಡಲ್ಲಾಸ್-ಹ್ಯೂಸ್ಟನ್‌ಗೆ 10 ಗ್ಯಾಲನ್ ಕುಡಿಯುತ್ತದೆ. ಬಾಕ್ಸ್ ಇದ್ದರೆ 11ರಿಂದ 13ರ ತನಕ. ಹೋಗಿಬರಲು ಹೆಚ್ಚು ಬೀಳುವುದು ಸುಮಾರು ಎರಡರಿಂದ ಏಳು ಗ್ಯಾಲನ್. ಎರಡನೇ ಕಾರು ತೆಗೆದುಕೊಂಡು ಹೋಗುವುದಕ್ಕಿಂತ ಅಗ್ಗವೇ. ಆದರೆ ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ಖಾಲಿ ಬಾಕ್ಸ್ ಹೊತ್ತು ಆಫೀಸಿಗೆ ಓಡಾಡಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ. ಆಟೋಮ್ಯಾಟಿಕ್ ಕಾರ್ ವಾಷಿಗೂ ಬಾಕ್ಸ್ ಸಮೇತ ಹೋಗುವಂತಿಲ್ಲ.

೮. ನಾಲ್ಕು ಮನೆಗೊಂದು ಬಾಕ್ಸ್

ವರ್ಷಕ್ಕೆ ಹದಿನೈದು ದಿನ ಬಳಸುವ ವಸ್ತುವಿಗೆ ಪ್ರತಿ ಮನೆಯೂ ಏಳೆಂಟು ನೂರು ಡಾಲರ್ ಸುರಿಯಬೇಕೇ? ನಮ್ಮ ಮನೆಗಳಿಗೆ ಬೇಸ್‌ಮೆಂಟ್ ಇಲ್ಲ, ಆರೂವರೆ ಅಡಿ ಉದ್ದದ ಪೆಟ್ಟಿಗೆ ಇಡಲು ಗ್ಯಾರೇಜಿನ ಗೋಡೆಯೇ ಗತಿ. ಅಪಾರ್ಟ್‌ಮೆಂಟಿನವರಿಗೆ ಅದೂ ಇಲ್ಲ.

ಇಲ್ಲೊಂದು ಅನುಕೂಲವಿದೆ. ಬಾರ್ ಮತ್ತು ಅದರ ಕಾಲುಗಳು ಆಯಾ ಕಾರಿಗೆ ಮಾತ್ರ ಹೊಂದುತ್ತವೆ. ಆದರೆ ಬಾಕ್ಸ್ ಹಾಗಲ್ಲ. ಅದರ ಕ್ಲಾಂಪು ಬಾರಿನ ಅಗಲಕ್ಕೆ ಹೊಂದಿ, ಬಾರ್‌ಗಳ ನಡುವಿನ ಅಂತರ ಸರಿಯಿದ್ದರೆ ಯಾವ ಕಾರಿಗಾದರೂ ಸರಿ. ಅಂದರೆ ನಾಲ್ಕು ಸಂಸಾರ ತಮ್ಮ ತಮ್ಮ ಬಾರ್ ಕೊಂಡು, ಬಾಕ್ಸ್ ಮಾತ್ರ ಒಟ್ಟಾಗಿ ಕೊಳ್ಳಬಹುದು. ನಮ್ಮ ಬಡಾವಣೆಯ ಮೂರು ಕನ್ನಡ ಮನೆಗಳು ಹೀಗೇ ಮಾಡಿದ್ದೇವೆ. ಕ್ಯಾಲೆಂಡರಿನಲ್ಲಿ ಯಾರಿಗೆ ಯಾವ ವಾರ ಎಂದು ಬರೆದಿಡುತ್ತೇವೆ. ಥ್ಯಾಂಕ್ಸ್‌ಗಿವಿಂಗ್ ವಾರಕ್ಕೆ ಮಾತ್ರ ಚೀಟಿ ಎತ್ತುತ್ತೇವೆ! ಹಿಂದಿರುಗಿಸುವಾಗ ಒರೆಸಿ, ಎರಡೂ ಕೀಲಿ ಮತ್ತು ಮ್ಯಾನ್ಯುಅಲ್ ಒಳಗಿಟ್ಟು ಕೊಡುವುದು ನಿಯಮ. ಕೀಲಿಯ ನಂಬರನ್ನು ಮೂರೂ ಮನೆಯಲ್ಲಿ ಬರೆದಿಟ್ಟುಕೊಂಡಿದ್ದೇವೆ.

ಹೊರಡುವ ಮುನ್ನ ಈ ಆರನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ: ರೂಫಿನ ಮಿತಿ ನೋಡಿದೆವೇ? ಬಾಗಿಲ ಸ್ಟಿಕರಿನ ಒಟ್ಟು ತೂಕದೊಳಗೆ ಇದ್ದೇವೆಯೇ? ಟೈರಿನ ಗಾಳಿ ಸರಿಯಿದೆಯೇ? ಕ್ಲಾಂಪ್ ಅಲುಗಾಡಿಸಿ ನೋಡಿದೆವೇ? ಮುಚ್ಚಳ ಎರಡೂ ಕಡೆ ಬೀಗ ಬಿದ್ದಿದೆಯೇ? ಎತ್ತರದ ಚೀಟಿ ಡ್ರೈವರಿನ ಕಣ್ಣಿಗೆ ಬೀಳುತ್ತಿದೆಯೇ?

ಆರಕ್ಕೂ ಹೌದು ಎಂದಾದರೆ ಅಜ್ಜಿಗೆ ಕಾಲು ಚಾಚಲು ಜಾಗವಿರುತ್ತದೆ, ಮಕ್ಕಳಿಗೆ ಕಿಟಕಿ ಕಾಣುತ್ತದೆ, ನಿಮಗೆ ಹಿಂದಿನ ರಸ್ತೆ ಕಾಣುತ್ತದೆ. ನಿಮ್ಮ ಕಾರಿನ ಬಗ್ಗೆ ಸಂದೇಹಗಳಿದ್ದರೆ ಮುಂದಿನ ಪಿಕ್ನಿಕ್ಕಿಗೆ ಮ್ಯಾನ್ಯುಅಲ್ ತನ್ನಿ, ಕೂತು ಲೆಕ್ಕ ಹಾಕೋಣ.

ಎಲ್ಲರಿಗೂ ಶುಭ ಪ್ರಯಾಣ!